ನೂರಕ್ಕೆ ತೊಂಬತ್ತೈದು

ಡೊಂಬಿವಲಿ ಪೂರ್ವ
೧೪ ಡಿಸೆಂಬರ್ ೨೦೨೪

ಪೂಜ್ಯ ಶರಣಬಸಮ್ಮ ಅಕ್ಕನವರಿಗೆ,

ಜಯಲತಾ ಭುಜಂಗ ಸಾಲಿಯಾನ್, ವಿಜ್ಞಾನ ಶಿಕ್ಷಕಿ, ಠಾಣೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ ನಿವೃತ್ತಳಾದವಳು, ಮಾಡುವ ನಮಸ್ಕಾರಗಳು. ಹೆಸರು, ಸೇವಾವಧಿ ಮೊದಲ ಸಾಲಿನಲ್ಲಿಲ್ಲದ ಕಾಗದವನ್ನು ನೀವು ಮುಟ್ಟುವುದಿಲ್ಲ. “ಯಾರ್ ಬರದಾರಂತ ಗೊತ್ತಿಲ್ದ ಪೇಪರ್ ನಾ ತಿದ್ದಂಗಿಲ್ಲ” ಎಂದು ನನ್ನ ಮೊತ್ತಮೊದಲ ಕಥೆಯನ್ನೇ ಹಿಂದಿರುಗಿಸಿದವರಲ್ಲವೇ!

ಐರೋಲಿಯ ನಿಮ್ಮ ಮನೆಯಲ್ಲಿ ನಿಮ್ಮನ್ನು ಕಂಡು ಬಂದ ಕೂಡಲೇ ಬರೆಯಬೇಕಿತ್ತು. ತಡವಾದುದಕ್ಕೆ ಕ್ಷಮೆಯಿರಲಿ. ಮೊಣಕಾಲು ನೋವೆಂದು ಕಾರಣ ಕೊಡಬಹುದು. ಬರೆಯುವುದಕ್ಕೆ ಮೊಣಕಾಲು ಏಕೆ ಬೇಕೆಂದು ನೀವು ಕೇಳುವಿರಿ. ಆದ್ದರಿಂದ ಕಾರಣ ಕೊಡುವುದಿಲ್ಲ.

ರಾಜ್ಯೋತ್ಸವದ ದಿನ ಇಲ್ಲಿನ ಕನ್ನಡ ಸಂಘದವರು ನನ್ನ ಪುಸ್ತಕಗಳಿಗೆ ಒಂದು ಮೇಜು ಕೊಟ್ಟಿದ್ದರು, ನೀರುದೋಸೆಯ ಸಾಲಿನ ಪಕ್ಕದಲ್ಲಿ. ಲೇಖಕಿ, ಪ್ರಕಾಶಕಿ, ಮಾರಾಟಗಾರ್ತಿ ಮೂವರೂ ನಾನೇ ಆದುದರಿಂದ ಒಂದೇ ಕುರ್ಚಿ ಸಾಕಾಯಿತು. ಹೋಟೆಲು ನಡೆಸುವ ಗಣಪತಿ ರಾಯರು ಶನಿಗ್ರಹದ ಕಾದಂಬರಿಯನ್ನು ಕೈಗೆತ್ತಿಕೊಂಡು, “ಟೀಚರೇ, ಸಾಡೇಸಾತಿಗೆ ಪರಿಹಾರ ಯಾವ ಪುಟದಲ್ಲಿ ಉಂಟು?” ಎಂದರು. ಪರಿಹಾರವಿಲ್ಲ, ಉಂಗುರಗಳಿವೆ ಎಂದೆ. “ಉಂಗುರ ಉಂಟಾ? ಹಾಗಾದ್ರೆ ನಮ್ಮ ಮನೆಯವರಿಗೆ ಒಂದು ಕಟ್ಟಿ ಕೊಡಿ!” ಎಂದು ನಗುತ್ತ ಕೊಂಡೊಯ್ದರು. ಓದುವರೆಂಬ ಭರವಸೆ ನನಗಿಲ್ಲ.

ಎದುರು ಮನೆಯ ಚಿನ್ನು ಕಥೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾಳೆ. ಪುಸ್ತಕ ಕೊಟ್ಟರೆ “ಆಜೀ, ತುಮ್ಹೀಚ್ ವಾಚಾ ನಾ” ಎಂದು ಓದುವ ಕೆಲಸವನ್ನೂ ನನಗೇ ಒಪ್ಪಿಸುತ್ತಾಳೆ. ಇನ್ನೂರು ವರ್ಷ ಮುಂದಿನ ಕಥೆಯನ್ನು ನಾನು ಬರೆಯುತ್ತಿರುವ ಭಾಷೆಯನ್ನು ಈ ಮಹಡಿಯಲ್ಲಿ ಇಂದೇ ಓದುವವರಿಲ್ಲ. ಆದರೂ ಬರೆಯುತ್ತೇನೆ. ಸಂಜೆ ಗ್ಯಾಲರಿಯಲ್ಲಿ ಕುಳಿತರೆ ಎಂಐಡಿಸಿ ಕಾರ್ಖಾನೆಗಳ ದೀಪಗಳು ಬೇರೊಂದು ಗ್ರಹದ ನೆಲೆಯಂತೆ ಕಾಣುತ್ತವೆ. ಇತರರು ಬಿಟ್ಟು ಬಂದ ಊರಿಗಾಗಿ ಹಂಬಲಿಸುತ್ತಾರೆ; ನನ್ನ ಹಂಬಲ ಇನ್ನೂ ಹುಟ್ಟದ ಊರುಗಳದ್ದು. ಅದೂ ತವರಿನ ನೆನಪಿನಂತೆಯೇ ಸುಡುತ್ತದೆ, ಅಕ್ಕಾ.

ಆ ಊರುಗಳಿಗೆ ನನ್ನೊಡನೆ ಬಂದವರು ನೀವೊಬ್ಬರೇ. ಅದೇ ಶಾಲೆಯಲ್ಲಿ ಗಣಿತ ಕಲಿಸುವವರಿಗೆ ಕಥೆಯೇಕೆ ಎಂದು ಮೊದಲು ಅಳುಕಿದ್ದೆ. ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಆ ನೂಕುನುಗ್ಗಲಿನಲ್ಲಿ, ನೀವು ಕೆಂಪು ಪೆನ್ನು ಹಿಡಿದು ನನ್ನ ಹಾಳೆಗಳನ್ನು ತಿದ್ದುತ್ತಿದ್ದಿರಿ. “ಅಲ್ಲವಾ, ಚಂದ್ರನ ಮ್ಯಾಲ ತೂಕ ಆರನೇ ಪಾಲು. ನಿನ್ನ ನಾಯಕಿ ಸೆರಗು ಸರ್ರಂತ ಜಾರೋದು ಹ್ಯಾಂಗ? ಹಗೂರಕ ಜಾರಬೇಕು. ಮೂವತ್ತೆಂಟು, ಹೋಗು!” ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತ ಮರಾಠಿ ಹೆಂಗಸರು “ಟೀಚರ್, ಪಾಸ್ ಕೀ ನಾಪಾಸ್?” ಎಂದು ನನ್ನನ್ನೇ ಕಿಚಾಯಿಸುತ್ತಿದ್ದರು. ನಿಮ್ಮಿಂದ ಅರವತ್ತೆರಡು ದೊರೆತ ದಿನ ಡಬ್ಬಿಗೆಲ್ಲ ಪೇಢಾ ಹಂಚಿದೆ. ಅದಕ್ಕಿಂತ ಹೆಚ್ಚು ಎಂದೂ ದೊರೆಯಲಿಲ್ಲ. ದೊರೆಯದಿದ್ದುದರಿಂದಲೇ ನಾನು ಬರೆಯುತ್ತ ಹೋದೆನೇನೋ.

ಈಗಿನ ಚಂದ್ರನೆಲೆಯ ಕಾದಂಬರಿಯನ್ನು ಕೊರಿಯರ್‌ನಲ್ಲಿ ಕಳುಹಿಸಿ, ತೀರ್ಪು ಕೇಳಲು ನಾನೇ ಐರೋಲಿಗೆ ಬಂದೆ. ನೀವು ಹಾಸಿಗೆಯಿಂದಲೇ ಹಸ್ತಪ್ರತಿಯನ್ನು ನನ್ನ ಮಡಿಲಿಗಿಟ್ಟು, “ಭಾಳ ಛಲೋ ಬರದೀ ತಂಗಿ. ತೊಂಬತ್ತೈದು” ಎಂದಿರಿ. ಹಿಗ್ಗಬೇಕಾಗಿದ್ದ ನಾನು ಹಸ್ತಪ್ರತಿಯನ್ನು ಚೀಲಕ್ಕೆ ತುರುಕಿ ಎದ್ದು ನಿಂತೆ. ಲಿಫ್ಟಿನವರೆಗೆ ಬಂದ ನಿಮ್ಮ ಮಗ ಸಮಿತ್ ಹೇಳಿದ: “ಆಂಟೀ, ಅವ್ವ ಈಗ ಎಲ್ಲಾರಿಗೂ ಛಲೋ ಛಲೋ ಅಂತಾಳ. ಕಾಮ್‌ವಾಲಿ ಮಾಡಿದ ಚಾನೂ ಫಸ್ಟ್‌ಕ್ಲಾಸ್! ಡಾಕ್ಟರ್ ಬೋಲೇ, ದವಾಯಿ ಬಂದ್ ಕರೋ, ಖುಷ್ ರಖೋ, ಬಸ್.”

ಔಷಧಿ ನಿಲ್ಲಿಸಿ ಸಂತೋಷವಾಗಿಡಿ, ಅಷ್ಟೇ ಎಂಬ ಆ ‘ಬಸ್’ ಕೇಳಿ ನಾನು ಲಿಫ್ಟಿನ ಗುಂಡಿ ಒತ್ತಿದೆ.

ಮರಳುವಾಗ ರೈಲು ಮುಂಬ್ರಾದ ಗುಡ್ಡ ದಾಟುವವರೆಗೂ ಹಸ್ತಪ್ರತಿ ತೆರೆಯಲಿಲ್ಲ. ತೆರೆದರೆ ಎಲ್ಲ ಪುಟಗಳೂ ಸ್ವಚ್ಛ; ಕೆಂಪು ಶಾಯಿಯ ಹನಿಯೂ ಇಲ್ಲ. ಪಕ್ಕದಲ್ಲಿ ಕುಳಿತ ಹುಡುಗಿ “ಆಂಟೀ, ತಬಿಯತ್ ಠೀಕ್ ಹೈ ನಾ?” ಎಂದು ನೀರಿನ ಬಾಟಲಿ ಚಾಚಿದಳು.

ನೀವು ಮೃದುವಾಗುವುದು ನನಗೆ ಬೇಡ. ಮೃದುತ್ವವೆಂದರೆ ವಿದಾಯ ಎಂಬಷ್ಟು ನಿಮ್ಮನ್ನು ಬಲ್ಲೆ. ಜನವರಿಯಲ್ಲಿ ಅಚ್ಚಿಗೆ ಹೋಗಬೇಕೆಂದು ಕಲ್ಯಾಣದ ಮುದ್ರಣಾಲಯದವರು ಅವಸರಿಸುತ್ತಿದ್ದಾರೆ. ಈ ತೊಂಬತ್ತೈದನ್ನು ಹೊತ್ತ ಪುಸ್ತಕವನ್ನು ಅಚ್ಚು ಹಾಕಿಸಲಾರೆ. ನಲವತ್ತು ಕೊಡಿ, ಮೂವತ್ತಾದರೂ ಸರಿ. ನಿಮ್ಮ ಕೈಯಿಂದ, ನಿಜವಾದದ್ದು ಕೊಡಿ.

ಸಮಿತನಿಗೂ ಅವನ ಮನೆಯವರಿಗೂ ನನ್ನ ಆಶೀರ್ವಾದಗಳು. ನಿಮ್ಮ ಆಶೀರ್ವಾದ ನನಗಿರಲಿ. ಗಂಜಿಯನ್ನಾದರೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ನಿಮ್ಮ ವಿಧೇಯಳಾದ ತಂಗಿ,
ಜಯಲತಾ

ತಾ. ಕ.: ನಾಲ್ಕನೆಯ ಅಧ್ಯಾಯದಲ್ಲಿ ನಾಯಕಿಯ ಹೆಲ್ಮೆಟ್ಟಿನ ರೇಡಿಯೊ ಕೆಟ್ಟಿರುತ್ತದೆ. ಚಂದ್ರನ ಬಯಲಿನಲ್ಲಿ ಒಂಟಿಯಾಗಿ ನಿಂತವಳಿಗೆ, ಕುಳಿಯ ಆಚೆಯಿಂದ ಗೆಳತಿ ಹೆಸರು ಹಿಡಿದು ಕೂಗುವುದು ಕೇಳಿಸುತ್ತದೆ. ಗಾಳಿಯಿಲ್ಲದಲ್ಲಿ ಯಾವ ಕೂಗೂ ಕೇಳಿಸದೆಂದು ವರ್ಷವರ್ಷವೂ ಮಕ್ಕಳಿಗೆ ಗಾಜಿನ ಜಾಡಿಯೊಳಗೆ ಗಂಟೆಯಿಟ್ಟು ತೋರಿಸಿದವಳು ನಾನು. ಬರೆಯುವಾಗ ಅದು ಮರೆತೇ ಹೋಗಿತ್ತು; ಆ ಪುಟ ಬರೆದ ದಿನ ನಿಮ್ಮದೇ ನೆನಪಾಗಿತ್ತು. ಮನೆಗೆ ಬಂದು ಬೆಳಕಿಗೆ ಹಿಡಿದಾಗ, ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಗೀಟೆಳೆದು ಅಳಿಸಿದ ಗುರುತು ಕಂಡಿತು. ನೀವು ನೋಡಿದಿರಿ, ಅಕ್ಕಾ. ನೋಡಿಯೂ ಹಾಗೇ ಬಿಟ್ಟಿರಿ. ಇನ್ನು ತಿದ್ದಿ ಏನು ಫಲವೆಂದು ಬಿಟ್ಟಿರೋ, ಅವಳಿಗೆ ಆ ಕೂಗು ಕೇಳಿಸಲಿ ಎಂದು ಬಿಟ್ಟಿರೋ? ಅದನ್ನು ಮಾತ್ರ ನನಗೆ ಹೇಳಬೇಡಿ.

ಲಗತ್ತುಗಳು:
೧. ನಾಲ್ಕನೆಯ ಅಧ್ಯಾಯ, ತಪ್ಪು ಇದ್ದಂತೆಯೇ.
೨. ನನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ.
೩. ಮುದ್ರಣಾಲಯಕ್ಕೆ ಬರೆದ ಪತ್ರದ ನಕಲು: “ಹಸ್ತಪ್ರತಿಯು ಪರೀಕ್ಷಕರ ಬಳಿ ಇದೆ. ಅವರು ತಿದ್ದಿ ಕಳುಹಿಸುವವರೆಗೆ ಮುದ್ರಣ ಆರಂಭಿಸಬಾರದು.”