ನಮ್ಮೂರಿನ ನೀರು ಪಾಸಾದ ಬಗೆ

ಕುಡಿಯುವ ನೀರಿನ ಪರೀಕ್ಷೆ ಮತ್ತು ಆರೋಗ್ಯ ಅಪಾಯ ಅಂದಾಜು ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ತಾವು ನಮ್ಮೂರಿನ ಬೋರ್‌ವೆಲ್ ನೀರನ್ನು ಪರೀಕ್ಷಿಸಿ, ಅದರಲ್ಲಿ ಸೀಸದ ಅಪಾಯವಿಲ್ಲವೆಂದು ವರದಿ ಕೊಟ್ಟಿದ್ದೀರಿ. ಆ ವರದಿಯ ಆಧಾರದ ಮೇಲೆ ಊರಿನ ಶುದ್ಧ ನೀರಿನ ಘಟಕವನ್ನು ಕಳಚಿ ಲಾರಿಗೆ ಹೇರಿಸಿ ಕಳಿಸಿದ್ದೀರಿ. ನನ್ನ ದೂರು ಇಷ್ಟೇ: ತಾವು ಪರೀಕ್ಷಿಸಿದ್ದು ಬೋರಿನ ನೀರನ್ನಲ್ಲ, ಆ ಘಟಕದ ನೀರನ್ನೇ. ಶೋಧಿಸಿದ ನೀರು ಶುದ್ಧವಾಗಿದೆಯೆಂದು ಸಾಬೀತುಪಡಿಸಿ, ಆ ಸಾಬೀತಿನ ಬಲದಿಂದ ಶೋಧಿಸುವ ಯಂತ್ರವನ್ನೇ ಹೊತ್ತೊಯ್ದಿದ್ದೀರಿ. ಕನ್ನಡಕ ಹಾಕಿಕೊಂಡು ಸಲೀಸಾಗಿ ಓದಿದವನಿಗೆ ‘ನಿನ್ನ ಕಣ್ಣು ಚೆನ್ನಾಗಿದೆಯಪ್ಪ’ ಎಂದು ಬೆನ್ನು ತಟ್ಟಿ ಕನ್ನಡಕ ಕಿತ್ತುಕೊಂಡ ಹಾಗೆ.

ನಾನು ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲೇ ಬಿ.ಎ. ಮುಗಿಸಿದವನು. ಎರಡೆಕರೆ ತೆಂಗಿನ ತೋಟದ ಜೊತೆಗೆ ಮದುವೆ ಕಾರ್ಡು, ನಾಮಕರಣದ ಆಮಂತ್ರಣ, ಪಂಚಾಯ್ತಿ ಗೋಡೆಬರಹಗಳಿಗೆ ಪ್ರಾಸ ಕಟ್ಟಿಕೊಡುವುದು ನನ್ನ ಕಸುಬು, ಅಥವಾ ಚಟ. ಆ ಘಟಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಕ್ಯಾನು ಹಿಡಿ, ಸರದಿ ಹಿಡಿ, ಸೀಸವಿಲ್ಲದ ನೀರು ಕುಡಿ’ ಎಂದು ಬರೆಸಿದ್ದು ನಾನೇ. ಈಗ ಯಂತ್ರ ಹೋಗಿದೆ, ಗೋಡೆ ಉಳಿದಿದೆ. ಹಾದುಹೋಗುವವರೆಲ್ಲ ಅದನ್ನು ನನಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ತಾವು ಕೊಟ್ಟ ವರದಿಯಿಂದ ಕುಡಿಯುವ ನೀರು ಹೋಯಿತು ಎನ್ನುವುದು ಊರಿನ ದುಃಖ, ಬರೆದ ಸಾಲು ಸುಳ್ಳಾಯಿತು ಎನ್ನುವುದು ನನ್ನ ಖಾಸಗಿ ದುಃಖ. ಎರಡನ್ನೂ ಒಂದೇ ಪತ್ರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಖರ್ಚು ಉಳಿಯಲಿ.

ಸೀಸ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಊರ ಹಿಂದಿನ ಗೋಮಾಳದ ಅಂಚಿನಲ್ಲಿ ಯಾರೋ ಪುಣ್ಯಾತ್ಮರು ತಗಡಿನ ಶೆಡ್ಡು ಹಾಕಿ, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದರು. ತೊಳೆದ ನೀರನ್ನು ಅಲ್ಲೇ ಪಾಳು ಬಿದ್ದಿದ್ದ ಬಾವಿಗೆ ಬಿಡುತ್ತಿದ್ದರು. ಜನ ಗಲಾಟೆ ಮಾಡುವ ಹೊತ್ತಿಗೆ ಶೆಡ್ಡು ಮಾಯವಾಗಿತ್ತು. ಬಾವಿಗಿಳಿದದ್ದು ಮಾತ್ರ ಮಾಯವಾಗಲಿಲ್ಲ. ಬಳಿಕ ನಡೆದ ಪರೀಕ್ಷೆಯಲ್ಲಿ ಊರ ಬೋರಿನ ನೀರಿನಲ್ಲಿ ಸೀಸ ಮಿತಿ ಮೀರಿದೆಯೆಂದು ಗೊತ್ತಾಗಿ, ಸರ್ಕಾರ ಘಟಕ ಕೊಟ್ಟಿತು. ಕೊಟ್ಟಾಗ ನಾವು ಹಾರ ಹಾಕಿದೆವು. ಕುಡಿಯುವುದಕ್ಕೂ ಅಡುಗೆಗೂ ಅದೇ ನೀರು ಹೊತ್ತು ಬದುಕಿಕೊಂಡಿದ್ದೆವು. ಆಮೇಲೆ ತಮ್ಮ ಇಲಾಖೆಗೆ ಊರೂರಿನ ಅಪಾಯವನ್ನು ಹೊಸದಾಗಿ ಅಂದಾಜು ಮಾಡುವ ಮನಸ್ಸು ಬಂತು.

ಆ ಅಂದಾಜು ನಡೆದ ರೀತಿಯನ್ನು ಹೇಳುತ್ತೇನೆ, ತಾವು ಕುಳಿತಿದ್ದರೆ ಒಳ್ಳೆಯದು. ಚೈತ್ರದ ಒಂದು ಮಧ್ಯಾಹ್ನ ತಮ್ಮ ಕಡೆಯ ಒಬ್ಬರು ಬಾಟಲಿಗಳ ಪೆಟ್ಟಿಗೆ ಹಿಡಿದು ಬಂದರು. ಕರೆಂಟ್ ಇರಲಿಲ್ಲ, ಬೋರು ಓಡುತ್ತಿರಲಿಲ್ಲ. ಕಾಯುವ ವ್ಯವಧಾನ ಅವರಿಗೂ ಇರಲಿಲ್ಲ. ಬೋರಿನ ಪಕ್ಕದ ಮನೆ ನಮ್ಮಣ್ಣ ಸಣ್ಣತಿಮ್ಮಯ್ಯನದು. ತಮ್ಮವರು ಜಗಲಿಯ ಮೇಲೆ ಕುಳಿತು, ಬಾಟಲಿಯನ್ನು ನಮ್ಮತ್ತಿಗೆ ಭೈರಮ್ಮನ ಕೈಗೆ ಕೊಟ್ಟು, ‘ಟೆಸ್ಟಿಗೆ ಬೋರ್ ನೀರು ಬೇಕಮ್ಮ, ಮನೇಲಿ ಹಿಡಿದಿಟ್ಟಿದ್ರೆ ತುಂಬಿಸ್ಕೊಡಿ’ ಎಂದು ಹೇಳಿ ಫೋನ್ ತೆಗೆದರು.

ಮಾನ್ಯರೇ, ನಮ್ಮ ಸೀಮೆಯಲ್ಲಿ ಬಿಸಿಲಲ್ಲಿ ಬಂದು ಜಗಲಿಯ ಮೇಲೆ ಕುಳಿತವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ಅದೂ ಮನೆಯಲ್ಲಿರುವ ಅತ್ಯುತ್ತಮ ನೀರು. ಅತ್ತಿಗೆ ಅವರಿಗೆ ಬೆಲ್ಲ ಕೊಟ್ಟರು, ಘಟಕದ ನೀರನ್ನು ಹಿತ್ತಾಳೆ ಚೊಂಬಿನಲ್ಲಿ ಕೊಟ್ಟರು. ಬಾಟಲಿ ಒಳಗೆ ಹೋಯಿತು, ತುಂಬಿ ಹೊರಗೆ ಬಂತು. ತಮ್ಮವರು ಅದಕ್ಕೆ ನಮ್ಮೂರಿನ ಹೆಸರಿನ ಚೀಟಿ ಅಂಟಿಸಿದರು. ವಿಜ್ಞಾನದ ಕೆಲಸ ಅಲ್ಲಿಗೆ ಮುಗಿಯಿತು.

ಆ ಬಾಟಲಿಯೊಳಗೆ ಏನಿತ್ತೆಂದು ನಮಗೂ ಗೊತ್ತಿರಲಿಲ್ಲ. ಗ್ರಾಮಸಭೆಯಲ್ಲಿ ವರದಿ ಓದಿದಾಗ ನಾವೂ ಚಪ್ಪಾಳೆ ಹೊಡೆದೆವು. ಬಾವಿಗೆ ಬಿದ್ದ ಸೀಸ ತಾನಾಗಿಯೇ ಎದ್ದು ಹೋಯಿತೆಂದು ನಂಬುವುದು ಎಷ್ಟು ಹಿತವಾಗಿತ್ತು! ಮುಂದಿನ ಸಾಲಿನಲ್ಲಿ ಕುಳಿತಿದ್ದ ಅತ್ತಿಗೆ, ಪಕ್ಕದ ಚಿಕ್ಕಗೌರಮ್ಮನಿಗೆ ಮೊಣಕೈಯಿಂದ ತಿವಿದು, ‘ನಮ್ಮನೆ ನೀರೇ ಕಣೇ ಪಾಸಾಗಿರಾದು’ ಎಂದದ್ದು ನನ್ನ ಕಿವಿಗೂ ಬಿತ್ತು. ಬಾಗಿನ ಕೊಟ್ಟು ಬಂದವರ ಮುಖದಲ್ಲಿರುವ ಕಳೆ ಅವರ ಮುಖದಲ್ಲಿತ್ತು. ನಾನು ಅದನ್ನು ಬರೀ ಹೆಮ್ಮೆ ಎಂದುಕೊಂಡೆ.

ಲಾರಿ ಬಂದ ದಿನ ಹೆಮ್ಮೆಯ ಅರ್ಥ ಗೊತ್ತಾಯಿತು. ಘಟಕ ನೋಡಿಕೊಳ್ಳುತ್ತಿದ್ದ ಭೀಮರಾಜು ಅಳು ನುಂಗಿಕೊಂಡು ಬೋಲ್ಟು ಬಿಚ್ಚಿಕೊಡುತ್ತಿದ್ದ. ಅತ್ತಿಗೆ ಲಾರಿಗೆ ಅಡ್ಡ ನಿಂತು ಕೂಗಿದರು:

‘ಒಳ್ಳೆ ನೀರ್ ಕೊಟ್ಟಿದ್ಕೆ ಇದೇನಾ ನೀವು ಕೊಡಾ ಬಹುಮಾನ? ಇದೇ ಮಿಷಿನ್ ನೀರ್ ಕಣ್ರಯ್ಯಾ ನಾನ್ ತುಂಬ್ಸಿ ಕೊಟ್ಟಿದ್ದು! ಅದನ್ನೇ ಬಿಚ್ತೀರಲ್ಲಾ?’

ಅಣ್ಣ ಕೈಲಿದ್ದ ಬೀಡಿ ಎಸೆದ. ‘ಏನಂದೆ? ಅವ್ರು ಬೋರ್ ನೀರು ಅಂತ ಕೇಳ್ಲಿಲ್ವೇನೇ?’

‘ಕೇಳಿದ್ರು. ಬೋರ್ ನೀರೇ ಅಂದ್ರು. ಅಂದ್ರೆ ಕೊಟ್ಬುಡಾದಾ? ಮನೆಗ್ ಬಂದೋರ್ಗೆ ಇಸದ್ ನೀರು ಕೊಟ್ರೆ ಊರ್ ಮರ್ವಾದೆ ಏನಾಯ್ತದೆ?’

‘ಅಯ್ಯೋ, ಅದು ಕುಡಿಯಕ್ಕಲ್ಲ ಕಣೇ, ಟೆಸ್ಟ್ ಮಾಡಕ್ಕೆ!’

‘ಟೆಸ್ಟ್ ಮಾಡಾರೂ ಮನುಸ್ರೇ ಅಲ್ವಾ? ಅಲ್ಲಿ ಯಾರಾರ ಬಾಯಾರ್ಕೆಗೆ ಬಾಯ್ಗ್ ಬುಟ್ಕೊಂಡ್ರೆ? ಬಾಟ್ಲಿ ಒಳ್ಗೆ ಏನೋ ನಾಕ್ ಹನಿ ಉಳ್ಸವ್ರೆ, ಹುಳೀ ವಾಸ್ನೆ. ಚೆಲ್ಲಿ, ಹುಣಸೆಹಣ್ಣಾಕಿ ತಿಕ್ಕಿ, ಬಟ್ಟೇಲಿ ಸೋಸಿ ತುಂಬಿಸ್ದೆ. ನಂದೇನ್ ತಪ್ಪು?’

‘ಬೆಲ್ಲ ಹಾಕ್ಲಿಲ್ವಲ್ಲ ಅತ್ಗೆ, ಅದೇ ಪುಣ್ಯ’ ಎಂದೆ ನಾನು. ಯಾರೂ ನಗಲಿಲ್ಲ. ಲಾರಿ ಹೊರಟಿತು.

ಆ ಹುಳಿ ವಾಸನೆಯ ನಾಲ್ಕು ಹನಿ ಪರೀಕ್ಷೆಗೆಂದು ತಮ್ಮವರೇ ಹಾಕಿದ್ದ ಆಮ್ಲವೆಂದು ಆಮೇಲೆ ತಿಳಿಯಿತು. ಈಗ ಹೇಳಿ, ತಪ್ಪು ಯಾರದು? ಅತ್ತಿಗೆಯ ಉತ್ತರ ಪತ್ರಿಕೆಯನ್ನು ನಾನು ಎಷ್ಟು ಸಲ ತಿದ್ದಿದರೂ ಅವರಿಗೆ ಸೊನ್ನೆ ಹಾಕಲು ಕೈ ಬರುವುದಿಲ್ಲ. ತಮ್ಮ ಇಲಾಖೆಯ ಪತ್ರಿಕೆಯನ್ನು ತಿದ್ದಲು ಮಾತ್ರ ಅಷ್ಟು ಕಷ್ಟವಾಗಲಿಲ್ಲ. ಇಂಗ್ಲಿಷಿನಲ್ಲಿದ್ದ ವರದಿಯನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಅದರ ಪ್ರಕಾರ ನಮ್ಮೂರಿನ ನೀರಿಗೆ ಗಡಸುತನವೇ ಇಲ್ಲ. ಸ್ವಾಮಿ, ನಮ್ಮ ಬೋರಿನ ನೀರು ಕಾಯಿಸಿದ ಹಂಡೆಯ ತಳದಲ್ಲಿ ಉಪ್ಪು ಹೆಪ್ಪುಗಟ್ಟಿ, ಉಳಿ ಹಿಡಿದು ಕೆತ್ತಬೇಕು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಅಂಥ ನೀರು ಒಮ್ಮೆಲೇ ಮಳೆ ನೀರಿನಷ್ಟು ಮೆತ್ತಗಾಗಿದೆಯೆಂದು ತಮ್ಮ ಪ್ರಯೋಗಾಲಯದ ಯಂತ್ರ ತೋರಿಸಿದಾಗ, ನೋಡಿದವರಿಗೆ ಒಂದು ಚಿಟಿಕೆ ಅನುಮಾನವೂ ಬರಲಿಲ್ಲವೇ? ಹಳೆಯ ವರದಿ ಅದೇ ಕಪಾಟಿನಲ್ಲಿರಲಿಲ್ಲವೇ? ಅಥವಾ ಸೀಸ ಇಲ್ಲವೆಂಬ ಸಂತೋಷದಲ್ಲಿ ಹಾಯಾಗಿ ಕಣ್ಣು ಮುಚ್ಚಿತೇ?

ಅದೇ ವರದಿಯಲ್ಲಿ ನನಗೆ ಒಬ್ಬ ಮನುಷ್ಯನ ಪರಿಚಯವೂ ಆಯಿತು. ಅಪಾಯವನ್ನು ಲೆಕ್ಕ ಹಾಕಲು ತಾವು ಇಟ್ಟುಕೊಂಡಿರುವ ಸರಾಸರಿ ಮನುಷ್ಯ. ಮೈಕೈ ತುಂಬಿಕೊಂಡು ಅರವತ್ತೈದು ಕಿಲೋ ತೂಗುತ್ತಾನೆ, ದಿನಕ್ಕೆ ಎರಡೇ ಲೀಟರು ನೀರು ಕುಡಿದು ತೃಪ್ತನಾಗುತ್ತಾನೆ. ಈ ಸಜ್ಜನನನ್ನು ನಾನು ಊರಲ್ಲೆಲ್ಲ ಹುಡುಕಿದೆ. ಬೋರಯ್ಯನ ಹತ್ತಿರ ಹೋದೆ. ಅವನು ಕಾಯಿ ಸುಲಿಯುವವನು, ಬೆಳಗಿನಿಂದ ಸಂಜೆಯವರೆಗೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಚುಚ್ಚಿ ತಿರುವುತ್ತಾನೆ. ಪಕ್ಕದಲ್ಲಿ ಬಿಂದಿಗೆ ಇಲ್ಲದೆ ಕೆಲಸಕ್ಕೆ ನಿಲ್ಲುವುದಿಲ್ಲ, ಸಂಜೆಗೆ ಬಿಂದಿಗೆಯಲ್ಲಿ ನೀರು ಉಳಿಯುವುದಿಲ್ಲ. ‘ಎರಡು ಲೀಟ್ರಾ? ಅದು ಬಾಯ್ ಮುಕ್ಕಳ್ಸಕ್ಕಾ ಸಾರ್?’ ಎಂದು ಕೇಳಿದ. ತೂಕವೂ ತಮ್ಮ ಮನುಷ್ಯನಷ್ಟಿಲ್ಲ. ಇನ್ನು ಮುದ್ದೆ. ಎಸರಿಟ್ಟ ನೀರನ್ನು ನಾವು ಬಸಿಯುವುದಿಲ್ಲ. ಅದನ್ನು ರಾಗಿ ಹಿಟ್ಟು ಕುಡಿಯುತ್ತದೆ, ಹಿಟ್ಟನ್ನು ನಾವು ನುಂಗುತ್ತೇವೆ. ತಮ್ಮ ಲೆಕ್ಕದಲ್ಲಿ ಮುದ್ದೆಗೆ ಜಾಗವೆಲ್ಲಿ? ಆ ಸರಾಸರಿ ಮನುಷ್ಯ ಊಟ ಮಾಡುತ್ತಾನೋ, ಬರೀ ಗಾಳಿ ಸೇವಿಸುತ್ತಾನೋ?

ಇದನ್ನೆಲ್ಲ ಮುಖತಃ ಹೇಳೋಣವೆಂದು ಅಣ್ಣನೂ ನಾನೂ ತಮ್ಮ ಕಚೇರಿಗೆ ಬಂದಿದ್ದೆವು. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಪರವಾಗಿ ಮೇಜಿನ ಹಿಂದಿದ್ದವರು ಕಥೆ ಪೂರ್ತಿ ಕೇಳಿ, ಮನಸಾರೆ ನಕ್ಕು, ನಿಯಮ ತಿಳಿಸಿದರು.

‘ಮರುಪರೀಕ್ಷೆ ಆಗಲ್ಲ ಕಣ್ರೀ. ನಿಮ್ಮೂರು ಕ್ಷೇಮದ ಪಟ್ಟೀಲಿದೆ. ಮರುಪರೀಕ್ಷೆ ಏನಿದ್ರೂ ಅಪಾಯದ ಪಟ್ಟೀಲಿರೋ ಊರಿಗೆ.’

‘ಆ ಪಟ್ಟಿಗೆ ಸೇರೋದು ಹೆಂಗೆ ಸಾರ್?’ ಎಂದೆ.

‘ಪರೀಕ್ಷೇಲಿ ಫೇಲಾಗ್ಬೇಕು.’

‘ಪರೀಕ್ಷೆನೇ ಮಾಡಲ್ಲ ಅಂತೀರಲ್ಲ.’

‘ಪಾಸಾದೋರಿಗೆ ಯಾಕ್ರೀ ಪರೀಕ್ಷೆ?’ ಎಂದವರೇ, ನಮ್ಮ ಮುಖ ನೋಡಿ ಪಾಪ ಅನ್ನಿಸಿತೇನೋ, ಸಲಹೆಯನ್ನೂ ಕೊಟ್ಟರು. ‘ಅಷ್ಟು ಭಯ ಇದ್ರೆ ಕಾಯಿಸಿ ಕುಡೀರಿ. ಅಲ್ಲಾ, ತೆಂಗಿನ ಸೀಮೆಯೋರು ನೀವು, ನೀರಿಗ್ಯಾಕೆ ಅಳ್ತೀರಿ? ಎಳನೀರು ಕುಡೀರಿ!’

ಕಾಯಿಸಿದರೆ ಸಾಯುವುದು ಕ್ರಿಮಿ. ಸೀಸಕ್ಕೆ ಜೀವವಿಲ್ಲ, ಹಾಗಾಗಿ ಸಾವೂ ಇಲ್ಲ. ನೀರು ಆವಿಯಾಗಿ ಹೋದಷ್ಟೂ ಅದು ಉಳಿದ ನೀರಿನಲ್ಲಿ ದಟ್ಟವಾಗಿ ಕೂರುತ್ತದೆ. ಈ ಪಾಠವನ್ನು ನಾನು ಇಲಾಖೆಗೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಎಳನೀರಿನ ವಿಷಯಕ್ಕೆ ಬಂದರೆ, ನಮ್ಮ ಕಡೆ ಎಳೆಯ ಕಾಯಿ ಕೆಡವುವುದೆಂದರೆ ಮನೆಯ ಹಿರಿಯರು ಸಂಕಟಪಡುತ್ತಾರೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾಗಲಿ ಎಂದು ತಿಂಗಳುಗಟ್ಟಲೆ ಕಾಯುವುದೇ ನಮ್ಮ ಬೇಸಾಯ. ನೀರು ಬತ್ತಲೆಂದು ಕಾಯುವ ಜನಕ್ಕೆ ನೀರು ಕುಡಿಯಲು ಕಾಯಿ ತೋರಿಸಿದ ತಮ್ಮ ಸಿಬ್ಬಂದಿಗೆ ನಮಸ್ಕಾರ.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಇನ್ನು ಮುಂದೆ ಪ್ರಾಸ ಸ್ವಲ್ಪ ತ್ರಾಸ ಕೊಡುತ್ತಿದೆ.

ಅತ್ತಿಗೆಯ ಮಗಳು ಪುಷ್ಪಲತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಈಗ ಏಳು ತುಂಬಿದೆ. ತಾಯಿ ಕುಡಿದ ಸೀಸ ಹೊಕ್ಕುಳ ಬಳ್ಳಿಯ ದಾರಿ ಹಿಡಿದು ಮಗುವಿಗೂ ತಲುಪುತ್ತದೆ, ಬೆಳೆಯುವ ಮಿದುಳಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದಾರೆ. ತಮ್ಮ ಅರವತ್ತೈದು ಕಿಲೋ ಸಜ್ಜನನ ಪಕ್ಕದಲ್ಲಿ ಈ ಮಗುವನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಬೀಗರು ಫೋನ್ ಮಾಡಿ, ‘ನೀರು ಸರಿಯಿಲ್ಲ ಅಂತೀರಿ, ಕರ್ಕೊಂಡೋಯ್ತೀವಿ ಬುಡಿ’ ಎನ್ನುತ್ತಾರೆ. ‘ಸರಿ ಐತೆ ಅಂತ ಗೌರ್ಮೆಂಟೇ ಬರ್ಕೊಟ್ಟೈತೆ’ ಎಂದು ಹೇಳಿ ಅತ್ತಿಗೆ ಫೋನ್ ಇಟ್ಟು, ಒಲೆ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಾರೆ. ಚೊಚ್ಚಲ ಬಾಣಂತನ ಮಾಡಲಾರದೆ ಮಗಳನ್ನು ವಾಪಸು ಕಳಿಸುವ ತವರು ಎಂಥ ತವರು? ಕಳಿಸದೆ ಇಟ್ಟುಕೊಂಡು ಆ ನೀರು ಕುಡಿಸುವ ತವರು ಎಂಥದು?

ಹಾಗಾಗಿ ಅಣ್ಣ ದಿನ ಬೆಳಗಾದರೆ ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ದಿಬ್ಬದಾಚೆಯ ಊರಿಗೆ ಹೋಗುತ್ತಾನೆ. ಯಾವ ಊರು ಎನ್ನುತ್ತೀರಿ? ನಮ್ಮ ಘಟಕವನ್ನು ತಾವು ಕೂರಿಸಿದ್ದೀರಲ್ಲ, ಅದೇ ಊರು. ಅಲ್ಲಿ ಸಾಲಿನಲ್ಲಿ ನಿಂತವರು ಅಣ್ಣನಿಗೆ ದಾರಿ ಬಿಟ್ಟು, ‘ಪಾಸಾದ ಊರೋರು ಫೇಲಾದ ಊರಿಗೆ ನೀರಿಗ್ ಬಂದವ್ರೆ, ಜಾಗ ಬುಡ್ರಪ್ಪೋ’ ಎಂದು ನಗುತ್ತಾರೆ. ಅವರ ತಪ್ಪೇನಿಲ್ಲ, ನಾವಾಗಿದ್ದರೂ ನಗುತ್ತಿದ್ದೆವು. ತಂದ ನೀರು ಪುಷ್ಪಲತಾ ಕುಡಿಯುವುದಕ್ಕೆ, ಅವಳ ಮುದ್ದೆಯ ಎಸರಿಗೆ ಸರಿಹೋಗುತ್ತದೆ. ಮಿಕ್ಕವರು, ಬೋರಯ್ಯನೂ ಸೇರಿ ಊರಿಗೆ ಊರೇ, ತಾವು ಪಾಸು ಮಾಡಿದ ನೀರನ್ನು ಕುಡಿಯುತ್ತಿದ್ದೇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಕರೆಂಟ್ ಇರುವ ಹೊತ್ತು ನೋಡಿಕೊಂಡು ತಾವೇ ಬನ್ನಿ. ಬೋರು ಓಡಲಿ, ನಲ್ಲಿಗೆ ತಮ್ಮ ಕೈಯಾರೆ ಬಾಟಲಿ ಹಿಡಿಯಿರಿ, ನಮ್ಮ ಹೆಂಗಸರ ಕೈಗೆ ಮಾತ್ರ ಕೊಡಬೇಡಿ. ಫಲಿತಾಂಶ ಬರುವವರೆಗೆ ಊರಿಗೆ ಒಳ್ಳೆಯ ನೀರಿನ ಟ್ಯಾಂಕರ್ ಕಳಿಸಿ, ಬಂದ ಮೇಲೆ ಘಟಕ ಕೊಡಿ. ದಿಬ್ಬದಾಚೆಯವರದನ್ನು ಕಿತ್ತು ತರಬೇಡಿ, ಅವರಲ್ಲೂ ಬಸುರಿಯರಿದ್ದಾರೆ, ಇನ್ನೊಂದನ್ನು ಕೊಡಿ. ಇದೆಲ್ಲ ಪುಷ್ಪಲತಾಳ ಹೆರಿಗೆಗೆ ಮುಂಚೆ ಆಗಲಿ. ಹುಟ್ಟುವ ಮಗುವಿಗೆ ತಮ್ಮ ಕಡತದ ವೇಗ ಗೊತ್ತಿಲ್ಲ, ಅದು ತನ್ನ ವೇಳೆಗೆ ಬಂದೇ ಬರುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ತಮಗೆ ಪತ್ರ ಬರೆಯುತ್ತಿರುವ ಸುದ್ದಿ ತಿಳಿದು ಅತ್ತಿಗೆ ಬೆಳಿಗ್ಗೆಯೇ ಆ ಹಿತ್ತಾಳೆ ಚೊಂಬನ್ನು ಬೆಳಗಿದ್ದಾರೆ. ಮಗಳ ಕ್ಯಾನಿನಿಂದ ನೀರು ಬಗ್ಗಿಸಿ ತುಂಬಿ, ಮೇಲೊಂದು ತಟ್ಟೆ ಮುಚ್ಚಿ ನಡುಮನೆಯಲ್ಲಿಟ್ಟಿದ್ದಾರೆ. ಇದೇನು ಅತ್ಗೆ ಎಂದರೆ, ‘ಆ ಸಾಹೇಬ್ರು ಇವತ್ತೇ ಬಂದ್ರೆ? ಬಿಸ್ಲಾಗೆ ಬತ್ತಾರೆ ಕಣಪ್ಪ’ ಎನ್ನುತ್ತಾರೆ. ಇಷ್ಟೆಲ್ಲ ಆದಮೇಲೂ ತಮಗೆ ಬೋರಿನ ನೀರು ಕೊಡಲು ಅವರಿಗೆ ಮನಸ್ಸು ಬರುತ್ತಿಲ್ಲ.

ಬನ್ನಿ ಮಾನ್ಯರೇ, ಜಗಲಿಯ ಮೇಲೆ ಕೂರಿ, ಬೆಲ್ಲ ತಿನ್ನಿ. ಆ ಚೊಂಬನ್ನು ಮಾತ್ರ ಮುಟ್ಟಬೇಡಿ. ಅದು ಬಸುರಿಯ ಪಾಲಿನ ನೀರು.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಕ್ಷೇಮವಾಗಿರುವ,
ರವೀಂದ್ರ
ಹುಣಸೆಕಟ್ಟೆಪಾಳ್ಯ, ಹಂದನಕೆರೆ ಹತ್ತಿರ,
ಚಿಕ್ಕನಾಯಕನಹಳ್ಳಿ ತಾಲ್ಲೂಕು