ನಾಲ್ಕನೆಯ ಮೇಣದಬತ್ತಿ

ಅಕ್ಕಾ,

ಕ್ರಿಸ್ಮಸ್ಸಿಗೆ ಬಂದು ನನ್ನ ಕೈ ಹಿಡಿಯುತ್ತೇನೆ ಎಂದಿದ್ದವನು ನಿನ್ನನ್ನು ಮದುವೆಯಾದನಂತೆ. ಅಮ್ಮ ಹೇಳಿದಳು. “ಹೋಗ್ಲಿ ಬಿಡೆ, ಒಡಹುಟ್ಟಿದವಳಲ್ವಾ” ಅಂದಳು. ನಾನು ಅವನ ಕೋಟಿಗೆ ಗುಂಡಿ ಹೊಲಿಯುತ್ತಿದ್ದೆ, ಹೊಲಿದು ಮುಗಿಸಿದೆ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಮೂರನೆಯದಕ್ಕೆ, ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಯನ್ನು ಈ ಸಲ ಒಬ್ಬಳೇ ಹಚ್ಚಿದೆ. ಕಡ್ಡಿ ಗೀರುವುದು ನಿನ್ನ ಕೆಲಸ, ಗಾಳಿಗೆ ಕೈ ಅಡ್ಡ ಹಿಡಿಯುವುದು ನನ್ನದು. ಎರಡನ್ನೂ ಮಾಡಹೋಗಿ ಬೆರಳು ಸುಟ್ಟುಕೊಂಡೆ. ಪ್ರಾರ್ಥನೆ ಮಾಡಿದ ಮೇಲೆ ಉರಿ ಸ್ವಲ್ಪ ತಣ್ಣಗಾಯಿತು.

ನಾಲ್ಕನೆಯ ಬತ್ತಿ ನಿನ್ನ ಬಟ್ಟೆಪೆಟ್ಟಿಗೆಯಲ್ಲೇ ಹೋಗಿಬಿಟ್ಟಿದೆ. ಭಾನುವಾರದೊಳಗೆ ಅಂಚೆಯಲ್ಲಿ ಕಳಿಸು. ಅವನ ಕೈಯಲ್ಲಿ ಬೇಡ. ‘ಭಾವ’ ಎನ್ನಲು ನಾಲಿಗೆ ಇನ್ನೂ ಹೊರಳುತ್ತಿಲ್ಲ.

ಬರುತ್ತೇನೆ ಎಂದವರಲ್ಲಿ ನಾನಿನ್ನು ಕಾಯುವುದು ದೇವರೊಬ್ಬನನ್ನೇ. ಅವನು ಬಂದಾಗ ಮನೆ ಕತ್ತಲಾಗಿರಬಾರದು.

ಈಗಲೂ ನಿನ್ನ ತಂಗಿ