ವೈದ್ಯೆಯ ಮಂತ್ರ ಮಾಂತ್ರಿಕನಿಗೂ

ತಮ್ಮಾ,

ಹಾಲು ಕರೆದಿಟ್ಟಿದ್ದೇನೆ, ಕಾಯಿಸು. ಅಪ್ಪನ ಊಟ ಮೆತ್ತಗೆ ಹಿಸುಕಿ ಕೊಡು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಮೊದಲು ಮಂಡಿ ಮಡಿಸಿ, ಆಮೇಲೆ ಭುಜ ಹಿಡಿದು ಹೊರಳಿಸು. ನಿನ್ನ ಕೈ ಒರಟು ಅಂತ ಗೊಣಗುತ್ತಾರೆ. ಗೊಣಗಲಿ.

ಭಾನುವಾರ ನಿನ್ನ ಗೆಳೆಯರು ದಾಳದ ಆಟಕ್ಕೆ, ಅದೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟಿ ಆಡುವ ಆಟಕ್ಕೆ, ಬಂದಾಗ ನಾನಿರುವುದಿಲ್ಲ. ನನ್ನ ವೈದ್ಯೆ ಪಾತ್ರದ ಹಾಳೆ ಮೇಜಿನ ಮೇಲಿದೆ. ಗಾಯ ಮಾಯಿಸುವ ಮಂತ್ರವನ್ನು ನಿನ್ನ ಮಾಂತ್ರಿಕನ ಹಾಳೆಗೆ ಬರೆದುಕೋ. ವೈದ್ಯರ ಮಂತ್ರ ಮಾಂತ್ರಿಕರಿಗೆ ದಕ್ಕುವುದಿಲ್ಲ ಎಂದವನು ನೀನು. ನಿನ್ನೆ ನಿಯಮದ ಪುಸ್ತಕ ನಾನೇ ಓದಿದೆ. ಕಲಿಸುವವರು ಒಪ್ಪಿದರೆ ಯಾರು ಬೇಕಾದರೂ ಕಲಿಯಬಹುದಂತೆ. ಅದು ತಿಳಿಯದೆ ಎರಡು ವರ್ಷ ಆಟದಲ್ಲಿ ನಿಮ್ಮೆಲ್ಲರ ಬೆನ್ನ ಹಿಂದೆಯೇ ನಿಂತೆ. ನಿಮಗೆ ಬೆಂಕಿ, ಮಿಂಚು, ಹಾರಾಟ. ನನಗೆ ನಿಮ್ಮ ಗಾಯ. ಒಮ್ಮೆ ಬಾಗಿಲು ತೆರೆಯುವ ಮಂತ್ರ ಕೇಳಿದ್ದಕ್ಕೆ ನೀನು, "ನೀನು ಮುಂದೆ ಹೋದ್ರೆ ಬಿದ್ದೋರನ್ನ ಎಬ್ಬಿಸೋರು ಯಾರಕ್ಕಾ?" ಅಂದೆ. ಎಲ್ಲರೂ ನಕ್ಕಿರಿ. ನಾನೂ ನಕ್ಕೆ.

ನರ್ಸರಿಯಲ್ಲಿ ಕಸಿ ಕಟ್ಟುವ ತರಬೇತಿಗೆ ಹೊರಟಿದ್ದೇನೆ. ಹತ್ತು ದಿನ. ಹಿಂದೆ ಎರಡು ಸಲ, ಅಪ್ಪನನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದು ನೀನು ಅಂದದ್ದಕ್ಕೆ ಬಿಟ್ಟುಕೊಟ್ಟೆ. ಬರುತ್ತದೆ. ಹೇಗೆಂದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದು.

ನಿನ್ನ ಅಂಗಿಗಳು ಒಣಗಿವೆ, ಮಡಿಸಿಲ್ಲ.

ಮೊದಲೆರಡು ದಿನ ಅಪ್ಪ ನನ್ನನ್ನೇ ಕೂಗುತ್ತಾರೆ. ಆಗ ಮಾತ್ರ ಫೋನ್ ಮಾಡಬೇಡ ಕಣೋ. ಮಾಡಿದರೆ ನಾನು ಬಂದುಬಿಡುತ್ತೇನೆ.

ಅಕ್ಕ